ಮಾದಪ್ಪನ ಮಲೆಯವರು ಯಾರು ಎಂದು ಕೇಳಿದವರಿಗೆ

ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಬೆಟ್ಟದ ಜನ ತಮಿಳರೋ ಕನ್ನಡಿಗರೋ ಎಂದು ಕೇಳಿದ್ದೀರಿ. ಚಾಮರಾಜನಗರ ಜಿಲ್ಲೆಯ ಹನೂರು ಸೀಮೆಯ ನಮಗೆ ಈ ಪ್ರಶ್ನೆ ಹಳೆಯದು. 1956ರವರೆಗೆ ನಮ್ಮ ಸೀಮೆಯಿದ್ದ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ನಾವು ಈಚೆ ಕರ್ನಾಟಕಕ್ಕೆ ಬಂದೆವು, ಬರಗೂರು ಬೆಟ್ಟ ಆಚೆ ತಮಿಳುನಾಡಿನಲ್ಲೇ ಉಳಿಯಿತು. ಗಡಿಯ ಗರಿಕೆಕಂಡಿ ದಾಟಿ ಅಲ್ಲಿಗೆ ಹೋಗಿ ನೋಡಿ, ದನ ಸಾಕುವ ಲಿಂಗಾಯತರು ಮನೆಯಲ್ಲಿ ಇಂದಿಗೂ ಕನ್ನಡವನ್ನೇ ಆಡುತ್ತಾರೆ.

ನಮ್ಮನ್ನು ಅರಿಯಲು ನಕ್ಷೆಗಿಂತ, ಕಂಚಿನ ತಾಳ ಹಿಡಿದು ಮಾದಪ್ಪನ ಕಥೆ ಹೇಳುವ ಕಂಸಾಳೆಯವರ ಹಾಡು ಹೆಚ್ಚು ನೆರವಾಗುತ್ತದೆ. ಎಪ್ಪತ್ತೇಳು ಮಲೆಯ ಒಡೆಯ ಮಾದೇಶ್ವರ ಹುಲಿಯೇರಿ ಬಂದವನು. ಅವನ ಕಾವ್ಯವನ್ನು ದೇವರ ಗುಡ್ಡರೆಂಬ ಈ ಹಾಡುಗಾರರು ರಾತ್ರಿಗಟ್ಟಲೆ ಹಾಡುತ್ತಾರೆ. ಅದರೊಳಗೆ ಬೆಟ್ಟದ ಎಲ್ಲರಿಗೂ ಜಾಗವಿದೆ. ಪೂಜೆ ಮಾಡುವವರು ಬೇಡಗಂಪಣ ಸಮುದಾಯದವರು. ಗುಡಿ ಕಟ್ಟಿಸಿದವನು ಆಲಂಬಾಡಿಯ ಜುಂಜೇಗೌಡನಂತೆ. ಆ ಊರಿನ ಹೆಸರು ಒಂದು ದನದ ತಳಿಗೂ ಉಳಿದಿದೆ. ನನಗೆ ಹೆಚ್ಚು ಕಾಡುವುದು ಕಾವ್ಯದಲ್ಲಿ ಸಂಕಮ್ಮನ ಸಾಲು, ಅಂದರೆ ಅವಳ ಕಥೆಯ ಭಾಗ. ಕಾಡಿನ ಬುಡಕಟ್ಟಾದ ಸೋಲಿಗರ ನೀಲೇಗೌಡ ಹೆಂಡತಿ ಸಂಕಮ್ಮನ ಶೀಲದ ಮೇಲೆ ಅನುಮಾನಪಟ್ಟು, ಅವಳನ್ನು ಬಂಧಿಸಿಟ್ಟು ಜೇನಿಗೆ ಹೋಗುತ್ತಾನೆ. ಗಂಡ ಕೇಳಿದ ಆಣೆಯನ್ನು ಇಡಲೊಪ್ಪದ ಆ ಹೆಂಗಸಿನ ಪಕ್ಷಕ್ಕೆ ದೇವರು ನಿಲ್ಲುತ್ತಾನೆ, ಎರಡು ಮಕ್ಕಳ ಫಲ ಕೊಡುತ್ತಾನೆ. ಕಾಡಿನ ಬಡ ಹೆಣ್ಣಿಗೆ ಇಷ್ಟು ದೊಡ್ಡ ಪಾಲು ಕೊಟ್ಟ ದೇವರ ಕಥೆಗಳು ಎಷ್ಟಿವೆ, ನೀವೇ ಹೇಳಿ.

ಇನ್ನು ಬದುಕು. ರಾಗಿ, ಅವರೆ, ಜೇನು, ದನ. ಕಾಡಿನೊಳಗೆ ದೊಡ್ಡಿ ಕಟ್ಟಿ ದನಗಳನ್ನು ಅಲ್ಲಿಯೇ ಬಿಟ್ಟುಕೊಂಡು ಮೇಯಿಸುವುದು ಹಳೆಯ ಪದ್ಧತಿ. ಸೋಲಿಗರು ಪೋಡುಗಳೆಂಬ ತಮ್ಮ ಹಾಡಿಗಳಲ್ಲಿ ಇರುತ್ತಾರೆ. ಹಿಂದೆ ಜಾಗ ಬದಲಿಸುತ್ತ ಬೇಸಾಯ ಮಾಡುತ್ತಿದ್ದರು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾದ ಮೇಲೆ ಅದು ನಿಂತಿತು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದೂ ಹುಲಿ ಮೀಸಲು ಪ್ರದೇಶದೊಳಗೆ. ನಮ್ಮ ಮಲೆಯ ಕಾಡು 2013ರಲ್ಲಿ ವನ್ಯಧಾಮವಾಯಿತು, ಬರಗೂರಿನದು 2024ರಲ್ಲಿ. ರಾಜ್ಯದ ಗಡಿ ನಮ್ಮನ್ನು ಅಷ್ಟಾಗಿ ಬದಲಿಸಲಿಲ್ಲ. ಕಾಡಿನ ಗಡಿ ಬದಲಿಸುತ್ತಿದೆ. ದನ ಎಲ್ಲಿಯವರೆಗೆ ಹೋಗಬಹುದು ಎಂಬುದೇ ಈಗ ಊರೂರಿನ ಜಗಳ.

ವೀರಪ್ಪನ್ ಬಗ್ಗೆಯೂ ಕೇಳಿದ್ದೀರಿ, ಹೊರಗಿನವರೆಲ್ಲ ಕೇಳುತ್ತಾರೆ. ಅವನು ಸತ್ತದ್ದು 2004ರಲ್ಲಿ. ಅವನಿಗೂ ಅವನನ್ನು ಹುಡುಕಿ ಬಂದವರಿಗೂ ಹೆದರಿ ಬದುಕಿದ ಜನ ಇಲ್ಲಿದ್ದಾರೆ, ಅವರ ಮುಂದೆ ಆ ಮಾತನ್ನು ಕುತೂಹಲಕ್ಕಾಗಿ ಎತ್ತಬೇಡಿ.

ಬರುವುದಾದರೆ ದೀಪಾವಳಿಗೆ ಬನ್ನಿ. ಬೇಡಗಂಪಣರ ಹೆಣ್ಣುಮಕ್ಕಳು ಉಪವಾಸವಿದ್ದು ಹಾಲಹಳ್ಳದಿಂದ ದೇವರಿಗೆ ನೀರು ಹೊತ್ತು ತರುವ ಹಾಲರವಿ ಆಗ ನಡೆಯುತ್ತದೆ. ಸೇಲಂ, ಧರ್ಮಪುರಿ ಕಡೆಯಿಂದಲೂ ಜನ ಬರುತ್ತಾರೆ. ಅವರೂ ‘ಉಘೇ ಉಘೇ ಮಾದಪ್ಪ’ ಎಂದೇ ಕೂಗುತ್ತಾರೆ.