ತೀವ್ರ ಅಟೋಪಿಕ್ ಡರ್ಮಟೈಟಿಸ್‌ಗೆ ಇಂಜೆಕ್ಷನ್ನಾ, ಮಾತ್ರೆನಾ? ಸ್ಟೀರಾಯ್ಡ್ ಮುಲಾಮು ಬಿಟ್ಟುಬಿಡ್ಲಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಚಿಕ್ಕಂದಿನಿಂದ ಇಸುಬು, ಅಂದ್ರೆ ಈ ಅಟೋಪಿಕ್ ಡರ್ಮಟೈಟಿಸ್, ಈಗ 26 ವರ್ಷ, ಮೈಯಲ್ಲಿ ಅರ್ಧಕ್ಕರ್ಧ ಹರಡಿದೆ, ಡಾಕ್ಟ್ರು ಸೈಕ್ಲೋಸ್ಪೊರಿನ್, ಡುಪಿಲುಮ್ಯಾಬ್ ಇಂಜೆಕ್ಷನ್, ಜಾಕ್ ಇನ್ಹಿಬಿಟರ್ ಮಾತ್ರೆ ಅಂತ ಮೂರು ಹೆಸರು ಹೇಳಿ ಯೋಚ್ನೆ ಮಾಡಿ ಬನ್ನಿ ಅಂದಿದ್ದಾರೆ, ಮೂರರ ಬಗ್ಗೆನೂ ಭಯ, ಸ್ಟೀರಾಯ್ಡ್ ಮುಲಾಮಿನ ಬಗ್ಗೆ ಅದಕ್ಕಿಂತ ಜಾಸ್ತಿ ಭಯ, ಏನ್ ಮಾಡ್ಲಿ ಅಂತ ಕೇಳಿದ್ದೀರಿ. ನಾನು ಡಾಕ್ಟ್ರಲ್ಲ, 30 ವರ್ಷದಿಂದ ಇದೇ ಚರ್ಮದೊಳಗೆ ಬದುಕ್ತಾ ಇರೋನು ಅಷ್ಟೇ, ನೀವು ಹೇಳಿದ ಮೂರರಲ್ಲಿ ಎರಡು ತಗೊಂಡಿದ್ದೀನಿ, ಮೂರನೇದರ ಬಾಗಿಲವರೆಗೂ ಹೋಗಿ ವಾಪಸ್ ಬಂದಿದ್ದೀನಿ.

ಔಷಧಿ ಮಾತು ಆಮೇಲೆ. ಮೊದಲು ಇದು ಹೇಳಿ, ಹೋದ ವಾರ ಏಳು ರಾತ್ರಿಯಲ್ಲಿ ಎಷ್ಟು ರಾತ್ರಿ ಮಧ್ಯೆ ಏಳದೆ ನಿದ್ದೆ ಮಾಡಿದ್ರಿ? ನಿಮ್ಮ ಪ್ರಶ್ನೆಯಲ್ಲಿ ಮೈ ಎಷ್ಟು ಕೆಂಪಾಗಿದೆ ಅಂತ ಇದೆ, ನಿದ್ದೆ ಬಗ್ಗೆ ಒಂದು ಮಾತೂ ಇಲ್ಲ. ನಾನೂ ವರ್ಷಗಟ್ಟಲೆ ಇದೇ ತಪ್ಪು ಮಾಡಿದೆ. ಡಾಕ್ಟರ್ ಹತ್ರ ಹೋಗೋ ದಿನ ಹೆಂಗೋ ಮೈ ಸ್ವಲ್ಪ ಚೆನ್ನಾಗೇ ಇರ್ತಿತ್ತು, ತೋಳು ಮಡಿಚಿ ತೋರಿಸ್ತಿದ್ದೆ, ಎರಡು ನಿಮಿಷ ನೋಡಿ ಅದೇ ಟ್ಯೂಬ್ ಬರೆದುಕೊಡ್ತಿದ್ರು, ನಾನೂ ತೆಪ್ಪಗೆ ಬರ್ತಿದ್ದೆ. ರಾತ್ರಿ ಎರಡೂವರೆಗೆ ಎಚ್ಚರ ಆದ್ರೆ ಉಗುರಿನ ಸಂದಿಯಲ್ಲಿ ರಕ್ತ, ಬೆಳಿಗ್ಗೆ ಹಾಸಿಗೆ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಹೊಟ್ಟು, ಕಾಲಿಂದ ಪ್ಯಾಂಟ್ ಬಿಡಿಸೋಕೆ ಹೋದ್ರೆ ಹಕ್ಕಳೆ ಜೊತೆಗೇ ಕಿತ್ತು ಬರೋದು, ಇದ್ಯಾವುದನ್ನೂ ನಾನು ಹೇಳಿರಲೇ ಇಲ್ಲ, ಯಾಕಂದ್ರೆ ನಂಗೆ ಅದು ಕಾಯಿಲೆ ಅನ್ನಿಸ್ತಾನೇ ಇರ್ಲಿಲ್ಲ, ನನ್ನ ಜೀವನ ಅಂದ್ರೆ ಇಷ್ಟೇ ಅಂದ್ಕೊಂಡಿದ್ದೆ. ಒಂದ್ಸಲ ಹೊಸ ಡಾಕ್ಟ್ರೊಬ್ರು ಪೊಯೆಮ್ ಅನ್ನೋ ಏಳು ಪ್ರಶ್ನೆಯ ಹಾಳೆ ಕೈಗೆ ಕೊಟ್ಟರು, ಹೋದ ವಾರ ಎಷ್ಟು ದಿನ ನವೆ ಇತ್ತು, ಎಷ್ಟು ರಾತ್ರಿ ನಿದ್ದೆ ಕೆಟ್ಟಿತು, ಎಷ್ಟು ದಿನ ರಕ್ತ ಬಂತು, ನೀರು ಸೋರ್ತು, ಹೀಗೆ. ಒಟ್ಟು 28 ಅಂಕ, ನಂದು 25. 25 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಅತಿ ತೀವ್ರ ಅಂತ ಲೆಕ್ಕ. ನನ್ನ ಟ್ರೀಟ್‌ಮೆಂಟ್ ಬದಲಾಗಿದ್ದು ಆ ಹಾಳೆಯಿಂದಲೇ. ನೀವೂ ಅದನ್ನ ತುಂಬಿಸಿಕೊಂಡು ಹೋಗಿ, ಜೊತೆಗೆ ಮೈ ಕೆಟ್ಟಿದ್ದ ದಿನ ಮೊಬೈಲಲ್ಲಿ ತೆಗೆದ ಫೋಟೋ ಇರ್ಲಿ.

ಈಗ ಸ್ಟೀರಾಯ್ಡ್ ಮುಲಾಮು. ಇದ್ರ ಬಗ್ಗೆ ನಾನು ಸ್ವಲ್ಪ ಉದ್ದವಾಗೇ ಬರೀತೀನಿ, ಯಾಕಂದ್ರೆ ಇಂಜೆಕ್ಷನ್ ತಗೊಂಡ್ರೂ ಇದು ಬಿಡಲ್ಲ ನಿಮ್ಮನ್ನ. ನಂಗೆ ಒಂದು ಟ್ಯೂಬ್ ನಾಲ್ಕು ತಿಂಗಳು ಬರ್ತಿತ್ತು, ಅದನ್ನ ಜಾಣತನ ಅಂದ್ಕೊಂಡಿದ್ದೆ. ಕಾಳಿನಷ್ಟು ತಗೊಂಡು ಎರಡೂ ಕಾಲಿಗೆ ತೆಳ್ಳಗೆ ಎಳೆದು ಸವರೋದು, ಕೆಂಪು ಇಳೀತಿದ್ದ ಹಾಗೇ ನಿಲ್ಲಿಸೋದು, ಐದೇ ದಿನಕ್ಕೆ ಮತ್ತೆ ಶುರು. ಆ ಡಾಕ್ಟ್ರು ನನ್ನ ತೋರುಬೆರಳು ಹಿಡ್ಕೊಂಡು, ತುದಿಯಿಂದ ಮೊದಲನೇ ಗೆರೆವರೆಗೆ ಟ್ಯೂಬ್ ಒತ್ತಿ ತೋರಿಸಿದ್ರು, ಇಷ್ಟು ಅಂದ್ರೆ ಹತ್ರತ್ರ ಅರ್ಧ ಗ್ರಾಂ, ಇದು ಬೆರಳು ಸೇರಿ ಎರಡು ಅಂಗೈ ಅಗಲದ ಚರ್ಮಕ್ಕೆ ಅಂತ. ದೊಡ್ಡವರಿಗೆ ಒಂದು ಕಾಲು ಪಾದ ಸೇರಿ ಪೂರ್ತಿ ಹಚ್ಚಬೇಕಾದ್ರೆ ಅಂಥ 8 ಬೇಕು. ನಾನು ಹಚ್ತಿದ್ದಿದ್ದು ಅದ್ರಲ್ಲಿ ಹತ್ತರಲ್ಲಿ ಒಂದು ಪಾಲೂ ಇರ್ಲಿಲ್ಲ ಅನ್ಸುತ್ತೆ. ಬೆಂಕಿಗೆ ಲೋಟದಲ್ಲಿ ನೀರು ಹಾಕಿ, ನೀರಿಂದ ಪ್ರಯೋಜನ ಇಲ್ಲ ಅಂತಿದ್ದೆ.

ಇನ್ನೊಂದು ವಿಷ್ಯ, ಚರ್ಮ ನೋಡೋಕೆ ಸರಿಯಾಗಿದ್ರೂ ಒಳಗಡೆ ಉರಿಯೂತ ಬೂದಿ ಮುಚ್ಚಿದ ಕೆಂಡದ ಹಾಗೆ ಇರುತ್ತೆ. ಅದಕ್ಕೇ ಪೂರ್ತಿ ಇಳಿಯೋವರೆಗೆ ದಿನಾ ಹಚ್ಚಿ, ಆಮೇಲೆ ಮತ್ತೆ ಮತ್ತೆ ಕೆಡೋ ಜಾಗಗಳಿಗೆ ವಾರಕ್ಕೆ ಎರಡು ದಿನ ಅಂತ ಮುಂದುವರಿಸಿ ಅಂತಾರೆ. ಸೈಡ್ ಎಫೆಕ್ಟ್ ಸುಳ್ಳು ಅಂತ ಹೇಳ್ತಿಲ್ಲ. ಸ್ಟ್ರಾಂಗ್ ಮುಲಾಮನ್ನ ಮುಖಕ್ಕೆ, ರೆಪ್ಪೆಗೆ, ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ಗೆರೆ ಬೀಳುತ್ತೆ, ಕೆಲವರಿಗೆ ಬಹಳ ಕಾಲ ಹಚ್ಚಿ ಏಕ್‌ದಂ ಬಿಟ್ಟಾಗ ಮೈಯೆಲ್ಲಾ ಕೆಂಡದ ಹಾಗೆ ಉರಿಯೋದೂ ಇದೆ. ಹಂಗಾಗಿ ಭಯಪಟ್ಟು ನೀವಾಗೇ ನಿಲ್ಲಿಸ್ಬೇಡಿ, ಎಲ್ಲಿಗೆ ಯಾವ ಶಕ್ತಿದು, ಎಷ್ಟು ದಿನ ಅಂತ ಕೇಳಿ ಬರೆಸ್ಕೊಳ್ಳಿ. ಮುಖಕ್ಕೆ, ಕಣ್ಣಿನ ಸುತ್ತ ಟ್ಯಾಕ್ರೋಲಿಮಸ್ ಆಯಿಂಟ್‌ಮೆಂಟ್ ಒಳ್ಳೇದು, ಅದು ಸ್ಟೀರಾಯ್ಡ್ ಅಲ್ಲ, ಚರ್ಮ ತೆಳ್ಳಗೆ ಮಾಡಲ್ಲ, 0.03% ಮತ್ತು 0.1% ಅಂತ ಎರಡು ಬರುತ್ತೆ. ಮೊದಲ ಒಂದು ವಾರ ಹಸಿಮೆಣಸಿನಕಾಯಿ ಉಜ್ಜಿದ ಹಾಗೆ ಉರಿಯುತ್ತೆ, ನಾನು ಮೂರನೇ ದಿನಕ್ಕೇ ಬಿಸಾಕೋನಿದ್ದೆ. ತಡ್ಕೊಂಡ್ರೆ ಉರಿ ತಾನಾಗೇ ಕಮ್ಮಿಯಾಗುತ್ತೆ.

ಮಾಯಿಶ್ಚರೈಸರ್ ಬಗ್ಗೆ ನಿಮಗೆ ಕೇಳಿ ಕೇಳಿ ಸಾಕಾಗಿರುತ್ತೆ. ಆದ್ರೂ ಒಂದು ಮಾತು, ನಮ್ಮಂಥವರಲ್ಲಿ ತುಂಬಾ ಜನಕ್ಕೆ ಫಿಲಾಗ್ರಿನ್ ಅನ್ನೋ ಪ್ರೋಟೀನಿನ ಜೀನಲ್ಲೇ ದೋಷ ಇರುತ್ತೆ, ಇದು 2006ರಲ್ಲಿ ಗೊತ್ತಾಗಿದ್ದು, ಚರ್ಮದ ಗೋಡೆ ಕಟ್ಟುವಾಗಲೇ ಗಾರೆ ಸರಿಯಿಲ್ಲ ಅನ್ನಿ. ಒಳಗಿನ ನೀರು ಹೊರಗೆ, ಹೊರಗಿನ ಧೂಳು, ಸೋಪು, ಬ್ಯಾಕ್ಟೀರಿಯಾ ಒಳಗೆ. ಸ್ನಾನ ಆಗಿ ಮೈ ಇನ್ನೂ ಒದ್ದೆ ಇರುವಾಗಲೇ ದಪ್ಪಗೆ ಹಚ್ಚಿ, ಸುವಾಸನೆ ಇಲ್ಲದ್ದು. ಮೈಯೆಲ್ಲಾ ಇರೋರಿಗೆ ವಾರಕ್ಕೆ ಕಾಲು ಕಿಲೋಗೂ ಮೀರಿ ಬೇಕಾಗುತ್ತೆ. ಅಂದ ಹಾಗೆ ಇಂಥ ಜಿಡ್ಡು ಹೀರಿಕೊಂಡ ಬಟ್ಟೆ, ಬೆಡ್‌ಶೀಟಿಗೆ ಬೆಂಕಿ ಬೇಗ ಹತ್ತಿಕೊಳ್ಳುತ್ತೆ, ಒಲೆ, ಸಿಗರೇಟ್ ಹತ್ರ ಹುಷಾರು, ಇದನ್ನ ಯಾರೂ ಹೇಳಲ್ಲ.

ಇಷ್ಟೆಲ್ಲಾ ಸರಿಯಾದ ಅಳತೆಯಲ್ಲಿ ಮಾಡಿದ್ರೂ ವಾರದಲ್ಲಿ ನಾಲ್ಕೈದು ರಾತ್ರಿ ಕೆಡ್ತಿದೆ ಅಂದ್ರೆ ಆವಾಗ ಒಳಗಿಂದ ಕೆಲಸ ಮಾಡೋ ಔಷಧಿ ಬೇಕು, ಅದ್ರಲ್ಲಿ ನಂಗೆ ಅನುಮಾನ ಇಲ್ಲ. ನಡುವೆ ಲೈಟ್ ಥೆರಪಿ ಇದೆ, 311 ನ್ಯಾನೋಮೀಟರ್ ಅಲ್ಟ್ರಾವೈಲೆಟ್ ಬೆಳಕು, ವಾರಕ್ಕೆ ಎರಡು ಮೂರು ಸಲ ಹೋಗಿ ಪೆಟ್ಟಿಗೆಯೊಳಗೆ ಕೆಲವು ನಿಮಿಷ ನಿಂತ್ಕೊಳ್ಳೋದು, ಎರಡು ಮೂರು ತಿಂಗಳು. ನಂಗೆ ಉಪಯೋಗ ಆಯ್ತು, ಆದ್ರೆ ಕೆಲಸಕ್ಕೆ ರಜೆ ಹಾಕಿ ಹಾಕಿ ಸುಸ್ತಾಗಿ ಬಿಟ್ಟೆ. ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಮಾತ್ರ ಬೇಡ, ಅದು ನುಂಗಿದ್ರೆ ನಾಲ್ಕು ದಿನಕ್ಕೆ ಸ್ವರ್ಗ, ನಿಲ್ಲಿಸಿದ ಮೇಲೆ ಇಸುಬು ಬಡ್ಡಿ ಸಮೇತ ವಾಪಸ್ ಬರುತ್ತೆ, ಅಪರೂಪಕ್ಕೆ ತೀರಾ ಕೆಟ್ಟಾಗ ಡಾಕ್ಟ್ರೇ ಕೊಟ್ಟರೆ ಅದು ಬೇರೆ ಮಾತು.

ಸೈಕ್ಲೋಸ್ಪೊರಿನ್ ನಾನು ಹನ್ನೊಂದು ತಿಂಗಳು ತಗೊಂಡೆ. ಹಳೇ ಔಷಧಿಗಳಲ್ಲಿ ಇದೇ ಫಾಸ್ಟು, ಎರಡು ವಾರಕ್ಕೆ ನವೆ ಅರ್ಧ ಆಯ್ತು. ಸಾಮಾನ್ಯವಾಗಿ ದೇಹತೂಕದ ಕಿಲೋಗೆ ದಿನಕ್ಕೆ 2.5ರಿಂದ 5 ಮಿಲಿಗ್ರಾಂ. ಆದ್ರೆ ಕಿಡ್ನಿ ಮತ್ತು ಬಿಪಿ ಮೇಲೆ ಕಣ್ಣಿಟ್ಟಿರಬೇಕು, ಕ್ರಿಯಾಟಿನಿನ್ ಟೆಸ್ಟ್ ಮೇಲಿಂದ ಮೇಲೆ, ನಂಗೆ ಬಿಪಿ ಏರ್ತಾ ಹೋಯ್ತು, ಬೆರಳ ತುದಿ ಜುಮ್ ಅನ್ನೋದು, ಮೈಮೇಲೆ ಕೂದಲು ಜಾಸ್ತಿಯಾಗೋದು ಬೇರೆ. ವರ್ಷಕ್ಕಿಂತ ಹೆಚ್ಚು ಎಳೆಯೋಕೆ ಡಾಕ್ಟ್ರುಗಳು ಹಿಂದೇಟು ಹಾಕ್ತಾರೆ. ನಿಲ್ಲಿಸಿ ಆರು ವಾರಕ್ಕೆ ನಾನು ಮೊದಲಿನ ಜಾಗದಲ್ಲೇ ಇದ್ದೆ. ನಿಮ್ಮ ಪಟ್ಟಿಯಲ್ಲಿ ಇಲ್ಲದ ಮೆಥೊಟ್ರೆಕ್ಸೇಟ್ ಕೂಡ ಇದೆ, ನಿಧಾನ, ಎರಡು ಮೂರು ತಿಂಗಳು ಕಾಯ್ಬೇಕು, ಲಿವರ್ ಟೆಸ್ಟ್ ಬೇಕು, ಎಲ್ಲಕ್ಕಿಂತ ಮುಖ್ಯ ಅದು ವಾರಕ್ಕೆ ಒಂದೇ ದಿನ ತಗೊಳ್ಳೋ ಔಷಧಿ, ಮರೆತು ದಿನಾ ನುಂಗಿದ್ರೆ ಜೀವಕ್ಕೇ ಅಪಾಯ. ಬಸುರಿಯಾಗೋ ಯೋಚನೆ ಇದ್ರೆ ಅದು ಬೇಡವೇ ಬೇಡ.

ಡುಪಿಲುಮ್ಯಾಬ್ ಬಗ್ಗೆ ಕೇಳಿದ್ರೆ ನಾನು ಸ್ವಲ್ಪ ಪಕ್ಷಪಾತಿ, ಮೊದಲೇ ಹೇಳ್ಬಿಡ್ತೀನಿ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿದ್ದು. ಸೈಕ್ಲೋಸ್ಪೊರಿನ್ ಥರ ಇಡೀ ರೋಗನಿರೋಧಕ ಶಕ್ತಿನೇ ಅದುಮಲ್ಲ, ಐಎಲ್-4, ಐಎಲ್-13 ಅಂತ ಎರಡು ಸಂದೇಶಗಳ ಬಾಗಿಲು ಮಾತ್ರ ಮುಚ್ಚುತ್ತೆ, ಅದಕ್ಕೆ ಪದೇ ಪದೇ ರಕ್ತ ಪರೀಕ್ಷೆ ಸಾಮಾನ್ಯವಾಗಿ ಬೇಕಾಗಲ್ಲ. ದೊಡ್ಡವರಿಗೆ ಮೊದಲ ದಿನ 600 ಮಿಲಿಗ್ರಾಂ, ಆಮೇಲೆ ಎರಡು ವಾರಕ್ಕೊಮ್ಮೆ 300. ಫ್ರಿಜ್ಜಿಂದ ತೆಗೆದು ಮುಕ್ಕಾಲು ಗಂಟೆ ಹೊರಗಿಡಬೇಕು, ಮೊದಲ ಸಲ ನಾನು ಅವಸರಕ್ಕೆ ತಣ್ಣಗಿರುವಾಗಲೇ ಚುಚ್ಕೊಂಡು ತೊಡೆಯಲ್ಲಿ ಕಲ್ಲು ಇಳಿಸಿದ ಹಾಗೆ ನೋವು, ಆಮೇಲಿಂದ ಟೈಮರ್ ಇಟ್ಟು ಕೂರ್ತೀನಿ. ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ಅಲಾರಂ ಹೊಡೀತು. ಅಲಾರಂ ಶಬ್ದಕ್ಕೆ ಎಚ್ಚರ ಆಗಿ ಎಷ್ಟು ವರ್ಷ ಆಗಿತ್ತೋ, ಅದಕ್ಕಿಂತ ಮೊದಲೇ ನವೆ ಎಬ್ಬಿಸಿರ್ತಿತ್ತು. ಸ್ವಲ್ಪ ಹೊತ್ತು ಏನಿದು ಶಬ್ದ ಅಂತಾನೇ ಗೊತ್ತಾಗ್ಲಿಲ್ಲ.

ಹಂಗಂತ ಇದು ಮಂತ್ರದಂಡ ಅಲ್ಲ. ದೊಡ್ಡ ಟ್ರಯಲ್‌ಗಳಲ್ಲಿ 16 ವಾರಕ್ಕೆ ಚರ್ಮ ಪೂರ್ತಿ ಅಥವಾ ಹೆಚ್ಚುಕಮ್ಮಿ ಪೂರ್ತಿ ತಿಳಿಯಾಗಿದ್ದು ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಜನಕ್ಕೆ, ಉಳಿದವರಲ್ಲಿ ಕೆಲವರಿಗೆ ಸಾಕಷ್ಟು ಕಮ್ಮಿಯಾಯ್ತು, ಕೆಲವರಿಗೆ ಆಗಲಿಲ್ಲ. ನಂಗೆ ಮೈ ಸರಿಹೋಯ್ತು, ಕಣ್ಣು ಕೆಟ್ಟಿತು. ಎರಡನೇ ತಿಂಗಳಲ್ಲಿ ಕಣ್ಣು ಕೆಂಪು, ಮರಳು ಬಿದ್ದ ಹಾಗೆ ಚುಚ್ಚೋದು, ಇದು ಈ ಇಂಜೆಕ್ಷನ್ನಿನ ಗೊತ್ತಿರೋ ಸೈಡ್ ಎಫೆಕ್ಟೇ, ಕಣ್ಣಿನ ಡಾಕ್ಟರ್ ಡ್ರಾಪ್ಸ್ ಕೊಟ್ಟು ಹತೋಟಿಗೆ ಬಂತು. ನಿಮಗೆ ಈಗಾಗ್ಲೇ ಕಣ್ಣಿನ ತೊಂದರೆ ಇದ್ರೆ ಶುರು ಮಾಡೋಕೆ ಮೊದಲೇ ಹೇಳಿ. ಲೈವ್ ವ್ಯಾಕ್ಸೀನ್, ಅಂದ್ರೆ ಶಕ್ತಿ ಕುಂದಿಸಿದ ಜೀವಂತ ರೋಗಾಣು ಇರೋ ಲಸಿಕೆ ಏನಾದ್ರೂ ಬಾಕಿ ಇದ್ರೆ ಅದನ್ನೂ ಮೊದಲೇ ಕೇಳಿ. ಇದೇ ದಾರಿಯಲ್ಲಿ ಟ್ರಾಲೊಕಿನುಮ್ಯಾಬ್, ಲೆಬ್ರಿಕಿಜುಮ್ಯಾಬ್ ಅನ್ನೋ ಇಂಜೆಕ್ಷನ್‌ಗಳೂ ಬಂದಿವೆ, ನವೆಯ ಸಂದೇಶವನ್ನೇ ತಡೆಯೋ ನೆಮೊಲಿಜುಮ್ಯಾಬ್ 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೀತು, ಎಲ್ಲಾ ಕಡೆ ಸಿಗುತ್ತೆ ಅಂತಲ್ಲ.

ಜಾಕ್ ಮಾತ್ರೆಗಳು, ಅಂದ್ರೆ ಉಪಡಾಸಿಟಿನಿಬ್, ಅಬ್ರೊಸಿಟಿನಿಬ್, ಬಾರಿಸಿಟಿನಿಬ್, ಜೀವಕೋಶದ ಒಳಗೇ ಉರಿಯೂತದ ಸಂದೇಶ ತಡೆಯೋವು. ವೇಗದಲ್ಲಿ ಇವಕ್ಕೆ ಸಾಟಿ ಇಲ್ಲ, ಕೆಲವರಿಗೆ ಕೆಲವೇ ದಿನದಲ್ಲಿ ನವೆ ಇಳಿಯುತ್ತೆ, ಸೂಜಿ ಭಯ ಇರೋರಿಗೂ ಅನುಕೂಲ. ಶುರು ಮಾಡೋ ಮೊದಲು ಟಿಬಿ, ಹೆಪಟೈಟಿಸ್, ರಕ್ತಕಣ, ಕೊಲೆಸ್ಟ್ರಾಲ್ ಎಲ್ಲಾ ನೋಡ್ತಾರೆ, ಮಧ್ಯೆ ಮಧ್ಯೆ ಮತ್ತೆ ಟೆಸ್ಟ್. ಮೊಡವೆ ಸಾಮಾನ್ಯ, ಸರ್ಪಸುತ್ತು ಬರೋ ಸಾಧ್ಯತೆ ಹೆಚ್ಚು. ನೀವು ಓದಿ ಹೆದರಿದ ಎಚ್ಚರಿಕೆ, ಹೃದಯ, ರಕ್ತ ಹೆಪ್ಪುಗಟ್ಟೋದು, ಕ್ಯಾನ್ಸರ್, ಅದು ಮುಖ್ಯವಾಗಿ ಬಂದಿದ್ದು ಇದೇ ಗುಂಪಿನ ಟೊಫಾಸಿಟಿನಿಬ್ ಅನ್ನೋ ಇನ್ನೊಂದು ಮಾತ್ರೆಯ ಅಧ್ಯಯನದಿಂದ, ಅದ್ರಲ್ಲಿ ಇದ್ದೋರು 50 ದಾಟಿದ, ಹೃದಯದ ಅಪಾಯ ಇದ್ದ ಸಂಧಿವಾತದ ರೋಗಿಗಳು. ಹಂಗಂತ ತಳ್ಳಿಹಾಕೋದಲ್ಲ, ಸಿಗರೇಟ್ ಸೇದ್ತೀರಾ, ಮನೆಯಲ್ಲಿ ಯಾರಿಗಾದ್ರೂ ರಕ್ತ ಹೆಪ್ಪುಗಟ್ಟಿತ್ತಾ ಅಂತ ಕೇಳಿದ್ರೆ ನಿಜ ಹೇಳಿ. ನಾನು ಸೇದ್ತಿದ್ದೆ, ಅದಕ್ಕೇ ನನ್ನ ಡಾಕ್ಟ್ರು ಇಂಜೆಕ್ಷನ್ ಕಡೆ ತಿರುಗಿಸಿದ್ರು.

ನಾನು ನಿಮ್ಮ ಜಾಗದಲ್ಲಿದ್ರೆ? ಎರಡೂ ಕೈಗೆಟುಕುತ್ತೆ ಅಂದ್ರೆ ಮೊದಲು ಇಂಜೆಕ್ಷನ್, 16 ವಾರ ಕೊಟ್ಟು ನೋಡಿ ಆಗ್ಲಿಲ್ಲ ಅಂದ್ರೆ ಜಾಕ್. ಕೈಗೆಟುಕಲ್ಲ ಅಂದ್ರೆ, ಬಿಪಿ ಕಿಡ್ನಿ ಚೆನ್ನಾಗಿದ್ರೆ, ಸೈಕ್ಲೋಸ್ಪೊರಿನ್ ತಗೊಳ್ಳೋಕೆ ನಾಚಿಕೆ ಏನಿಲ್ಲ, ಆದ್ರೆ ಮೊದಲ ದಿನವೇ ಇದನ್ನ ನಿಲ್ಲಿಸಿದ ಮೇಲೆ ಮುಂದೇನು ಅಂತ ಕೇಳಿ. ನಾನು ಕೇಳಿರಲಿಲ್ಲ. ನೀವು ಹುಡುಗನೋ ಹುಡುಗಿಯೋ ಬರೆದಿಲ್ಲ, ಮಗುವಿನ ಯೋಚನೆ ಇದ್ರೆ ಈ ಲೆಕ್ಕವೆಲ್ಲ ಬದಲಾಗುತ್ತೆ, ಬಸುರಿಯರಿಗೆ ಜಾಕ್ ಕೊಡಲ್ಲ.

ಒಂದು ಎಚ್ಚರಿಕೆ ಮಾತ್ರ ಮರೀಬೇಡಿ. ಇಸುಬಿನ ಜಾಗದಲ್ಲಿ ಇದ್ದಕ್ಕಿದ್ದ ಹಾಗೆ ನವೆಗಿಂತ ನೋವು ಜಾಸ್ತಿಯಾಗಿ, ಮೊಳೆ ಒತ್ತಿದ ಹಾಗೆ ಒಂದೇ ಅಳತೆಯ ಸಣ್ಣ ಸಣ್ಣ ಗುಳಿ ಅಥವಾ ಬೊಕ್ಕೆ ಗುಂಪಾಗಿ ಎದ್ದು ಜ್ವರ ಬಂದ್ರೆ ಅದು ಹರ್ಪಿಸ್ ವೈರಸ್ ಹೊಕ್ಕಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ, ಕಣ್ಣಿನ ಹತ್ರ ಇದ್ರಂತೂ ಗಂಟೆನೂ ತಡ ಮಾಡ್ಬೇಡಿ. ಹಳದಿ ಹಕ್ಕಳೆ, ಕೀವು ಆದ್ರೆ ಬ್ಯಾಕ್ಟೀರಿಯಾ, ಅದಕ್ಕೂ ಬೇರೆ ಔಷಧಿ ಬೇಕು.

ಮತ್ತೆ ನಿಮ್ಮ ಕೊನೇ ಸಾಲು, ಜೀವನಪೂರ್ತಿ ಇಂಜೆಕ್ಷನ್ ತಗೋಬೇಕಾ ಅಂತ. ನಾನು ಮೂರನೇ ವರ್ಷದಲ್ಲಿದ್ದೀನಿ. ಮಧ್ಯೆ ಒಂದ್ಸಲ ಡಾಕ್ಟ್ರನ್ನ ಕೇಳೇ ಅಂತರ ಹೆಚ್ಚಿಸಿ ನೋಡಿದ್ವಿ, ಮೊಣಕಾಲ ಹಿಂದೆ ಮತ್ತೆ ನವೆ ಶುರುವಾಯ್ತು, ವಾಪಸ್ ಎರಡು ವಾರಕ್ಕೇ ತಂದ್ವಿ. ಮುಂದಿನ ವರ್ಷ ಮತ್ತೆ ಪ್ರಯತ್ನ ಮಾಡೋಣ ಅಂದಿದ್ದಾರೆ. ನಿಮ್ಮ ಪೊಯೆಮ್ ಅಂಕ ಎಷ್ಟು ಬಂತು ಅಂತ ಕೆಳಗೆ ಹಾಕಿ, ನೋಡ್ತೀನಿ.