ಕಚೇರಿಯಲ್ಲಿ ಪ್ರೆಸೆಂಟೇಶನ್ ಕೊಡುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳನ್ನು ತಪ್ಪಿಸುವುದು ಹೇಗೆ?

ಕೆಲಸಕ್ಕೆ ಸೇರಿ 6 ತಿಂಗಳಾಗಿದೆ, ಮುಂದಿನ ತಿಂಗಳು ಶಾಖೆಯ ಪ್ರಗತಿಯ ಬಗ್ಗೆ ಮೇಲಧಿಕಾರಿಗಳ ಮುಂದೆ 15 ನಿಮಿಷ ಮಾತನಾಡಬೇಕಾಗಿದೆ, ಕಳೆದ ಸಲ ಸ್ಲೈಡುಗಳನ್ನು ನೋಡಿ ಓದಿದಿರೆಂಬ ಟೀಕೆ ಬಂತು, ನಿಂತರೆ ಕೈ ನಡುಗುತ್ತದೆ ಎಂದು ತಾವು ಬರೆದಿದ್ದೀರಿ. ನಾನು ಕಾಸರಗೋಡು ಕಡೆಯ ಒಂದು ಸಹಕಾರಿ ಸಂಸ್ಥೆಯ ಸಾಲ ವಿಭಾಗದಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿದ್ದೇನೆ. ಈ ಟೀಕೆಯನ್ನು ನಾನೂ ಕೇಳಿಸಿಕೊಂಡವನೇ ಆದ್ದರಿಂದ ಉತ್ತರಿಸುವ ಧೈರ್ಯ ಮಾಡುತ್ತಿದ್ದೇನೆ.

ನನ್ನ ಮೊದಲ ಪ್ರೆಸೆಂಟೇಶನ್ ಸುಸ್ತಿ ಸಾಲಗಳ ಕುರಿತಾಗಿತ್ತು. 20 ನಿಮಿಷಕ್ಕೆ 34 ಸ್ಲೈಡು ಮಾಡಿದ್ದೆ. ಒಂದರಲ್ಲಂತೂ 11 ಕಾಲಮ್ಮುಗಳ ಕೋಷ್ಟಕವಿತ್ತು. ಅದರ ಒಂದೊಂದು ಸಾಲನ್ನೂ ಓದಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ, ನಿರ್ದೇಶಕರಲ್ಲಿ ಹಿರಿಯರೂ ಅಡಿಕೆ ಕೃಷಿಕರೂ ಆದ ಒಬ್ಬರು, "ಅದೆಲ್ಲ ಸರಿ ಮಾರಾಯ್ರೇ, ಈಗ ನಾವು ಎಂತ ಮಾಡಬೇಕು, ಅದನ್ನು ಹೇಳಿ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ 34 ಸ್ಲೈಡುಗಳನ್ನು ಅವರಿಗಾಗಿ ಮಾಡಿದ್ದಲ್ಲ, ಮಾತು ಮರೆತುಹೋದೀತೆಂಬ ನನ್ನ ಅಂಜಿಕೆಗಾಗಿ ಮಾಡಿಕೊಂಡದ್ದು ಎಂಬುದು ಆ ಹೊತ್ತಿಗೆ ಹೊಳೆಯಿತು. ಆಮೇಲೆ ನಾನು ಕಂಡ ಹೆಚ್ಚಿನ ತಪ್ಪುಗಳ ಬೇರು ಇಲ್ಲಿಯೇ ಇದೆ.

ಆದ್ದರಿಂದ ಕಂಪ್ಯೂಟರ್ ತೆರೆಯುವ ಮೊದಲು, ಕೇಳಿದವರು ಎದ್ದುಹೋಗುವಾಗ ಏನನ್ನು ತೀರ್ಮಾನಿಸಿರಬೇಕು ಎಂಬುದನ್ನು ಒಂದೇ ವಾಕ್ಯದಲ್ಲಿ ಕಾಗದದ ಮೇಲೆ ಬರೆಯಿರಿ. ನನ್ನ ವಿಷಯಕ್ಕೆ ಆ ವಾಕ್ಯ ಹೀಗಿರಬಹುದಿತ್ತು: "ಕೊಳೆರೋಗದಿಂದ ಫಸಲು ಕಳೆದುಕೊಂಡವರ ಸಾಲದ ಕಂತನ್ನು ಮಳೆಗಾಲದಲ್ಲಿ ಕೇಳುವ ಬದಲು, ಅಡಿಕೆ ಮಾರಿ ಕೈಗೆ ಹಣ ಬರುವ ತಿಂಗಳಿಗೆ ಹೊಂದಿಸಬೇಕು." ಇಂಥ ವಾಕ್ಯ ಸಿಗದಿದ್ದರೆ ವಿಷಯ ಇನ್ನೂ ಪಕ್ವವಾಗಿಲ್ಲವೆಂದು ತಿಳಿಯಬೇಕು. ಸಿಕ್ಕಿದ ಮೇಲೆ ಅದನ್ನು ಕೊನೆಗೆ ಬಚ್ಚಿಡದೆ, ಮೊದಲ 2 ನಿಮಿಷದೊಳಗೆ ಹೇಳಿಬಿಡಿ. ಸಂಸ್ಥೆಯ ಸ್ಥಾಪನೆಯ ಕಥೆಯನ್ನಾಗಲಿ, ಎಲ್ಲರಿಗೂ ಗೊತ್ತಿರುವ ಶಾಖೆಗಳ ಪಟ್ಟಿಯನ್ನಾಗಲಿ ಪೀಠಿಕೆಯಾಗಿ ಹೇಳುವ ಅಗತ್ಯವಿಲ್ಲ.

ಸ್ಲೈಡು ಮತ್ತು ಮಾತಿನ ಸಂಬಂಧವನ್ನು ನಾನು ಕಲಿತದ್ದು ಕಚೇರಿಯಲ್ಲಲ್ಲ, ತಾಳಮದ್ದಳೆಯಲ್ಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲವಾದರೂ ಇತರರಿಗಾಗಿ ಹೇಳುತ್ತೇನೆ: ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಭಾಗವತರು ನಾಲ್ಕಾರು ಸಾಲಿನ ಪದ ಹಾಡುತ್ತಾರೆ, ಕುಳಿತಿರುವ ಅರ್ಥಧಾರಿ ಆ ಪದದ ಒಳಗಿರುವುದನ್ನು ಸ್ವಂತ ಮಾತಿನಲ್ಲಿ ಬಿಡಿಸುತ್ತಾನೆ. ಹಾಡಿದ ಪದವನ್ನೇ ಅರ್ಥಧಾರಿ ಗದ್ಯದಲ್ಲಿ ಮತ್ತೊಮ್ಮೆ ಒಪ್ಪಿಸಿದರೆ ಸಭೆ ಎದ್ದುಹೋಗುತ್ತದೆ. ಪರದೆಯ ಮೇಲಿರುವುದು ಪದ, ನಿಮ್ಮ ಬಾಯಲ್ಲಿ ಬರಬೇಕಾದುದು ಅರ್ಥ. ಹಾಗಾಗಿ ಒಂದು ಸ್ಲೈಡಿನಲ್ಲಿ ಒಂದೇ ಸಂಗತಿ, ಸಾಧ್ಯವಾದರೆ ಒಂದೇ ಅಂಕಿ ಇರಲಿ. 11 ಕಾಲಮ್ಮಿನ ಕೋಷ್ಟಕ ಬೇಕೇಬೇಕೆಂದಾದರೆ ಅದನ್ನು ಮುದ್ರಿಸಿ ಕೈಗೆ ಕೊಡಿ. ಆದರೆ ಮಾತಿನ ನಡುವೆ ಹಂಚಬೇಡಿ, ಯಾಕೆಂದರೆ ಕಾಗದ ಕೈಗೆ ಬಂದ ಕೂಡಲೇ ಎಲ್ಲರ ತಲೆಯೂ ಕೆಳಗೆ ಬಾಗುತ್ತದೆ.

ಕನ್ನಡದಲ್ಲಿ ಸ್ಲೈಡು ಮಾಡುವವರಿಗೆ ಇನ್ನೊಂದು ಗಂಡಾಂತರವಿದೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತವನ್ನು ಆ ಅಕ್ಷರಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಕೊಂಬು, ಚುಕ್ಕಿ ಮೂಡಿದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಇದು ಸಭೆಯ ಮಧ್ಯದಲ್ಲಿಯೇ ಗೊತ್ತಾಯಿತು. ಅವರು ಉಳಿದ ಹೊತ್ತನ್ನು ಕ್ಷಮೆ ಕೇಳುವುದರಲ್ಲೇ ಕಳೆದರು. ಯೂನಿಕೋಡ್‌ನಲ್ಲೇ ಬರೆಯಿರಿ, ಜೊತೆಗೆ ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಿ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ, ಇಲ್ಲವಾದರೆ "ರಾಷ್ಟ್ರ"ದಂಥ ಪದದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ಪವರ್‌ಪಾಯಿಂಟ್ 2013ರ ಆವೃತ್ತಿಯಿಂದೀಚೆಗೆ ಹೊಸ ಕಡತವನ್ನು 16:9ರ ಅಳತೆಯಲ್ಲಿ ತೆರೆಯುತ್ತದೆ. ಸಭಾಂಗಣದ ಪ್ರೊಜೆಕ್ಟರ್ ಹಳೆಯ 4:3ರದ್ದಾದರೆ ಚಿತ್ರ ಕುಗ್ಗಿ, ಅಕ್ಷರಗಳೂ ಚಿಕ್ಕದಾಗುತ್ತವೆ. ಅರ್ಧ ಗಂಟೆ ಮೊದಲೇ ಹೋಗಿ, ಅಲ್ಲಿನ ಯಂತ್ರದಲ್ಲಿಯೇ ತೆರೆದು, ಕೊನೆಯ ಕುರ್ಚಿಯಲ್ಲಿ ಕುಳಿತು ಓದಿ ನೋಡಿ. ಮಳೆಗಾಲವಾದರೆ ಕರೆಂಟು ಹೋಗುತ್ತದೆಂದೇ ಎಣಿಸಿಕೊಂಡು ಮುಖ್ಯ ಪುಟಗಳ ಮುದ್ರಿತ ಪ್ರತಿಯನ್ನೂ ಒಯ್ಯಬೇಕು.

ತಾವಿರುವ ಊರನ್ನು ತಿಳಿಸಿಲ್ಲವಾದರೂ, ಗಡಿಭಾಗದಲ್ಲಿದ್ದರೆ ಭಾಷೆಯ ಪ್ರಶ್ನೆಯೂ ಬರುತ್ತದೆ. ನಮ್ಮ ಸಭೆಗಳಲ್ಲಿ ಕನ್ನಡದವರೂ ಮಲಯಾಳದವರೂ ಒಟ್ಟಿಗೆ ಕುಳಿತಿರುತ್ತಾರೆ. ಒಮ್ಮೆ ನಾನು "ಇದರಲ್ಲಿ ಅವಸರ ಬೇಡ" ಎಂದಾಗ ಮಲಯಾಳ ಮಾತೃಭಾಷೆಯ ಅಧಿಕಾರಿಯೊಬ್ಬರ ಹುಬ್ಬು ಗಂಟಿಕ್ಕಿತು. ಮಲಯಾಳದಲ್ಲಿ ಆ ಪದಕ್ಕೆ ಅವಕಾಶ ಎಂಬ ಅರ್ಥ. ಎರಡೂ ಭಾಷೆಗಳಲ್ಲಿರುವ ಇಂಥ ಸಂಸ್ಕೃತ ಪದಗಳು ಪರಿಚಿತವೆನಿಸುವುದರಿಂದಲೇ ಎಡವಿಸುತ್ತವೆ. ಯಾವ ಭಾಷೆಯೆಂದು ಮುಂಚಿತವಾಗಿ ವಿಚಾರಿಸಿ, ಒಂದನ್ನೇ ಆರಿಸಿಕೊಂಡು, ಮುಖ್ಯ ಅಂಕಿಗಳನ್ನಷ್ಟೇ ಇನ್ನೊಂದರಲ್ಲಿ ಹೇಳುವುದು ಒಳ್ಳೆಯದು. ಪ್ರತಿ ವಾಕ್ಯವನ್ನೂ ಅನುವಾದಿಸುತ್ತ ಹೋದರೆ ಸಮಯ ಇಮ್ಮಡಿಯಾಗುತ್ತದೆ, ಎರಡೂ ಕಡೆಯವರಿಗೆ ಬೇಸರವಾಗುತ್ತದೆ.

ಸಮಯದ ವಿಷಯ ಸರಳ. 15 ನಿಮಿಷ ಎಂದಿದ್ದರೆ 10 ನಿಮಿಷದ ಮಾತು ಸಿದ್ಧಮಾಡಿ. ಅಧ್ಯಕ್ಷರು ತಡವಾಗಿ ಬಂದರೆ ಯಾವ ಸ್ಲೈಡುಗಳನ್ನು ಬಿಡಬೇಕೆಂಬುದನ್ನು ಮೊದಲೇ ಗುರುತು ಮಾಡಿಕೊಳ್ಳಿ.

ಕೈ ನಡುಗುವುದನ್ನು ನಿಲ್ಲಿಸುವ ಉಪಾಯ ನನಗೂ ಸಿಕ್ಕಿಲ್ಲ. ಆದರೆ ಲೇಸರ್ ಪಾಯಿಂಟರನ್ನು ಮಾತ್ರ ಮುಟ್ಟಬೇಡಿ, ಬೆರಳಿನ ಸಣ್ಣ ನಡುಕವನ್ನು ಅದು ಪರದೆಯ ಮೇಲೆ ಗೇಣುದ್ದ ಮಾಡಿ ತೋರಿಸುತ್ತದೆ. ಮನೆಯಲ್ಲಿ ನಿಂತುಕೊಂಡು, ಗಟ್ಟಿಯಾಗಿ, ಕನಿಷ್ಠ ಮೂರು ಸಲ ಹೇಳಿ, ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿ. ಮನಸ್ಸಿನಲ್ಲೇ ಓದಿಕೊಳ್ಳುವುದನ್ನು ಅಭ್ಯಾಸವೆನ್ನಲಾಗದು. ನನ್ನದನ್ನು ಕೇಳಿದಾಗ ಪ್ರತಿ ಎರಡನೆಯ ವಾಕ್ಯಕ್ಕೂ "ಅಂದರೆ" ಎನ್ನುತ್ತಿದ್ದುದು ತಿಳಿಯಿತು; ಮನೆಯವರಿಗೆ ಅದು ಮೊದಲೇ ಗೊತ್ತಿತ್ತಂತೆ. ಮೊದಲ ಮೂರು ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿ, ಅಷ್ಟು ದಾಟಿದರೆ ಗಂಟಲು ತಾನಾಗಿ ಸಡಿಲವಾಗುತ್ತದೆ. "ನನಗೆ ಅಷ್ಟೇನೂ ಗೊತ್ತಿಲ್ಲ, ತಪ್ಪಿದ್ದರೆ ಕ್ಷಮಿಸಿ" ಎಂದು ಆರಂಭಿಸುವ ವಾಡಿಕೆ ನಮ್ಮಲ್ಲಿ ವಿನಯವೆನಿಸಿಕೊಂಡಿದೆ, ಆದರೆ ಅದನ್ನು ಕೇಳಿದವರು ತಪ್ಪು ಹುಡುಕಲು ಕುಳಿತುಬಿಡುತ್ತಾರೆ.

ಪ್ರಶ್ನೆಗೆ ಉತ್ತರ ತಿಳಿಯದಿದ್ದರೆ ಅಂದಾಜಿನ ಅಂಕಿ ಹೇಳದೆ, ಲೆಕ್ಕ ನೋಡಿ ಸಂಜೆಯೊಳಗೆ ಕಳಿಸುತ್ತೇನೆ ಎನ್ನಿ, ಕಳಿಸಿಯೂ ಬಿಡಿ. ಕೊನೆಯ ಸ್ಲೈಡಿನಲ್ಲಿ ಹೂವಿನ ಚಿತ್ರದೊಂದಿಗೆ "ಧನ್ಯವಾದಗಳು" ಎಂದು ಹಾಕುವ ಪದ್ಧತಿಯನ್ನೂ ಕೈಬಿಡಿ. ಪ್ರಶ್ನೋತ್ತರ ನಡೆಯುವಷ್ಟು ಹೊತ್ತೂ ಪರದೆಯ ಮೇಲೆ ನಿಲ್ಲುವುದು ಆ ಸ್ಲೈಡೇ. ಅಲ್ಲಿ ಮೊದಲು ಕಾಗದದ ಮೇಲೆ ಬರೆದುಕೊಂಡ ಆ ಒಂದು ವಾಕ್ಯವಿರಲಿ, ಧನ್ಯವಾದವನ್ನು ಬಾಯಲ್ಲಿ ಹೇಳಿದರೆ ಸಾಕು.