ಮೀನಿನ ಟ್ಯಾಂಕಿನ ಬಿಳಿ ಗೆರೆಗೆ ವಿನೆಗರ್ ಸಾಕು

ಮೀನು ಒಳಗಿರುವಾಗ್ಲೇ ಗಾಜಿನ ಮೇಲಿನ ಬಿಳಿ ಗೆರೆ ತೆಗೀಬಹುದಾ ಅಂತ ಕೇಳಿದೀರಲ್ಲ, ತೆಗೀಬಹುದು, ಆದ್ರೆ ಸೋಪು ಮಾತ್ರ ಹತ್ರಾನೂ ತರ್ಬೇಡಿ. ಅದು ಕೊಳೆ ಅಲ್ಲ, ನೀರು ಆವಿಯಾಗಿ ಉಳ್ಕೊಂಡ ಸುಣ್ಣ, ಎಷ್ಟು ಉಜ್ಜಿದ್ರೂ ಜಗ್ಗಲ್ಲ, ಹುಳಿಗೆ ಕರಗುತ್ತೆ. ನೀರನ್ನ ಗೆರೆಗಿಂತ ಎರಡ್ಮೂರು ಇಂಚು ಕೆಳಗಿಳಿಸಿ, ಬಿಳಿ ವಿನೆಗರ್‌ನಲ್ಲಿ ಅದ್ದಿ ಹಿಂಡಿದ ಟಿಶ್ಯೂನ ಗಾಜಿಗೆ ಅಂಟಿಸಿ 15-20 ನಿಮಿಷ ಬಿಡಿ, ಅಂಚಲ್ಲಿ ಸಣ್ಣಗೆ ಗುಳ್ಳೆ ಏಳುತ್ತೆ, ಕೆಳಗೆ ತೊಟ್ಟಿಕ್ಕದ ಹಾಗೆ ನೋಡ್ಕೊಳ್ಳಿ, ನೀರಿಗೆ ಜಾಸ್ತಿ ಬಿದ್ರೆ ಪಿಎಚ್ ಇಳಿದು, ಅಂದ್ರೆ ನೀರು ಹುಳಿಯಾಗಿ, ಮೀನಿಗೆ ಕಷ್ಟ. ಆಮೇಲೆ ಬ್ಲೇಡ್ ಓರೆಯಾಗಿ ಹಿಡ್ದು ಕೆರೀರಿ, ಪುಡಿಪುಡಿಯಾಗಿ ಎದ್ದು ಬರುತ್ತೆ (ಗಾಜಲ್ದೆ ಅಕ್ರಿಲಿಕ್ ಅನ್ನೋ ಪ್ಲಾಸ್ಟಿಕ್ ಟ್ಯಾಂಕ್ ಆದ್ರೆ ಬ್ಲೇಡ್ ಬೇಡ, ಗೀರು ಬಿದ್ರೆ ಮುಗೀತು). ಮೂಲೆಯಲ್ಲಿ ಗಾಜುಗಳನ್ನ ಅಂಟಿಸಿರೋ ಸಿಲಿಕಾನ್ ಅಂಟಿಗೂ ಬ್ಲೇಡ್ ತಾಗಿಸ್ಬೇಡಿ. ಒದ್ದೆ ಬಟ್ಟೇಲಿ ಒರೆಸಿ ನೀರು ತುಂಬಿಸಿ. ಇನ್ಮೇಲೆ ಆವಿಯಾಗಿ ಕಮ್ಮಿ ಆದಷ್ಟಕ್ಕೆ ಆರ್‌ಓ ಫಿಲ್ಟರ್ ನೀರು ಹಾಕಿ, ಅದ್ರಲ್ಲಿ ಸುಣ್ಣ ತುಂಬಾ ಕಮ್ಮಿ, ಗೆರೆ ಬೇಗ ಕಟ್ಟಲ್ಲ.